ಕಂಟ್ರೋಲ್-ಎಸ್ ಒತ್ತಿದಾಗ ಎಡಿಟರ್‌ನ ಒಳಗೆ ನಡೆಯುವುದೇನು?

ದೊಡ್ಡ ಎಡಿಟರ್ (ಬರಹವನ್ನು ಟೈಪ್ ಮಾಡಿ ತಿದ್ದುವ ತಂತ್ರಾಂಶ) ಒಂದರ ಸೋರ್ಸ್ ಕೋಡ್‌ನಲ್ಲಿ ಎಷ್ಟು ಹುಡುಕಿದರೂ ಯಾವ ಕೀಲಿಗೆ ಯಾವ ಕೆಲಸ ಎಂಬುದು ತೀರ್ಮಾನವಾಗುವ ಜಾಗ ಸಿಗಲಿಲ್ಲವೆಂದೂ, ಕನ್ನಡ ಕೀಲಿಮಣೆಗೆ ಬದಲಾಯಿಸಿದ ಕೂಡಲೇ ಶಾರ್ಟ್‌ಕಟ್‌ಗಳು ಏಕೆ ಕೈಕೊಡುತ್ತವೆ ಎಂದೂ ಕಾರವಾರದಿಂದ ಕೇಳಿದ್ದೀರಿ. ನಾನು ಶಿರಸಿಯಲ್ಲಿದ್ದುಕೊಂಡೇ ಪ್ರೋಗ್ರಾಮಿಂಗ್ ಕೆಲಸ ಮಾಡುವವನು, ಬಿಡುವಿನಲ್ಲಿ ಯಕ್ಷಗಾನ ಪ್ರಸಂಗದ ಪದ್ಯಗಳನ್ನು ಈಮ್ಯಾಕ್ಸ್ ಎಂಬ ಎಡಿಟರ್‌ನಲ್ಲಿ ಟೈಪ್ ಮಾಡುವವನು. ಆದ್ದರಿಂದ ನಿಮ್ಮ ಎರಡನೆಯ ಪ್ರಶ್ನೆ ನನಗೂ ದಿನನಿತ್ಯದ್ದು. ನೀವು ಹುಡುಕಬೇಕಾದದ್ದು ಕೀಲಿಯನ್ನಲ್ಲ, ಕೀಲಿಗೂ ಕೆಲಸಕ್ಕೂ ನಡುವೆ ಇರುವ ಕೋಷ್ಟಕವನ್ನು.

ಮೊದಲು ಕೋಷ್ಟಕವೇ ಇಲ್ಲದ ಎಡಿಟರ್ ಒಂದನ್ನು ಓದಿ. ಸಾಲ್ವಟೋರೆ ಸಾನ್‌ಫಿಲಿಪ್ಪೊ 2016ರಲ್ಲಿ ಪ್ರಕಟಿಸಿದ ‘ಕಿಲೋ’ ಸುಮಾರು ಸಾವಿರ ಸಾಲುಗಳ ಒಂದೇ ಸಿ ಫೈಲ್. ಅದರಲ್ಲಿ ಕೀಲಿ ಓದುವ ಫಂಕ್ಷನ್ ಒಂದು, ಓದಿದ ಕೀಲಿಗೆ ತಕ್ಕ ಕೆಲಸ ಮಾಡಿಸುವ ಫಂಕ್ಷನ್ ಇನ್ನೊಂದು; ಎರಡನೆಯದರಲ್ಲಿ ಸ್ವಿಚ್ ಎಂಬ ಉದ್ದನೆಯ ಆಯ್ಕೆಪಟ್ಟಿ ಇದೆ, 19 ಬಂದರೆ ಫೈಲ್ ಉಳಿಸು, 17 ಬಂದರೆ ಹೊರಗೆ ಹೋಗು. 19 ಏಕೆಂದರೆ, ಎಸ್ ಅಕ್ಷರದ ಆಸ್ಕಿ ಸಂಖ್ಯೆ (ಕಂಪ್ಯೂಟರ್‌ನಲ್ಲಿ ಅಕ್ಷರವನ್ನು ಗುರುತಿಸುವ ಸಂಖ್ಯೆ) 115. ಕಂಟ್ರೋಲ್ ಜೊತೆಗೆ ಒತ್ತಿದಾಗ ಟರ್ಮಿನಲ್ (ಕಿಲೋ ಓಡುವ, ಬರಿಯ ಅಕ್ಷರಗಳ ಕಿಟಕಿ) ಅದರ ಕೆಳಗಿನ ಐದು ಬಿಟ್‌ಗಳನ್ನು, ಅಂದರೆ 19ನ್ನು, ಮಾತ್ರ ಉಳಿಸಿಕೊಂಡು ಕಳಿಸುತ್ತದೆ. ಟ್ಯಾಬ್ ಕೀಲಿ ಮತ್ತು ಕಂಟ್ರೋಲ್-ಐ ಎರಡೂ 9 ಆಗಿಯೇ ಬಂದು ಟರ್ಮಿನಲ್ ಎಡಿಟರ್‌ಗಳಿಗೆ ವ್ಯತ್ಯಾಸ ತಿಳಿಯದಿರುವುದಕ್ಕೂ ಇದೇ ಕಾರಣ. ಇನ್ನೊಂದು ತೊಡಕೂ ಇದೆ: ಟರ್ಮಿನಲ್‌ನ ಹಳೆಯ ಪದ್ಧತಿಯಂತೆ ಕಂಟ್ರೋಲ್-ಎಸ್ ಎಂದರೆ ತೆರೆಯ ಮೇಲಿನ ಬರಹವನ್ನು ತಡೆಹಿಡಿ ಎಂದು ಅರ್ಥ, ಆ ವ್ಯವಸ್ಥೆಯನ್ನು ಮೊದಲು ಆರಿಸದಿದ್ದರೆ ಕೀಲಿ ಎಡಿಟರ್‌ನ ಕೈಗೇ ಬರುವುದಿಲ್ಲ. ಮೇಲಿನ ಬಾಣದ ಕೀಲಿಯಾದರೋ 27, 91, 65 ಎಂಬ ಮೂರು ಬೈಟ್‌ಗಳಾಗಿ ಬರುತ್ತದೆ, ಎಸ್ಕೇಪ್ ಕೀಲಿಯೂ 27ನ್ನೇ ಕಳಿಸುತ್ತದೆ. ಎರಡನ್ನೂ ಬೇರ್ಪಡಿಸಲು ಕಿಲೋ ಹೆಚ್ಚೆಂದರೆ 100 ಮಿಲಿಸೆಕೆಂಡ್ ಕಾದು, 27ರ ಬೆನ್ನಿಗೇ ಏನೂ ಬರದಿದ್ದರೆ ಅದು ಎಸ್ಕೇಪ್ ಎಂದು ತೀರ್ಮಾನಿಸುತ್ತದೆ.

ದೊಡ್ಡ ಎಡಿಟರ್‌ಗಳಲ್ಲಿ ಸ್ವಿಚ್ ಇದ್ದ ಜಾಗಕ್ಕೆ ಕೋಷ್ಟಕ ಬಂದಿರುತ್ತದೆ, ಬಳಸುವವರು ತಮಗೆ ಬೇಕಾದಂತೆ ತಿದ್ದಿಕೊಳ್ಳಲಿ ಎಂದು. ಈಮ್ಯಾಕ್ಸ್‌ನಲ್ಲಿ ಇದಕ್ಕೆ ಕೀಮ್ಯಾಪ್ ಎಂದು ಹೆಸರು. ಅಲ್ಲಿ ಫೈಲ್ ಉಳಿಸಲು ಕಂಟ್ರೋಲ್-ಎಕ್ಸ್, ಆಮೇಲೆ ಕಂಟ್ರೋಲ್-ಎಸ್ ಒತ್ತಬೇಕು. ಮೊದಲನೆಯ ಕೀಲಿಯ ಎದುರು ಇರುವುದು ಕೆಲಸವಲ್ಲ, ಇನ್ನೊಂದು ಕೋಷ್ಟಕ. ನಮ್ಮ ಶಿರಸಿಯಿಂದ ದೇವಿಮನೆ ಘಟ್ಟ ಇಳಿದು ಕುಮಟಾ ಮುಟ್ಟಿದ ಮೇಲಷ್ಟೇ ಅಂಕೋಲೆಯ ಕಡೆಗೋ ಹೊನ್ನಾವರದ ಕಡೆಗೋ ಎಂಬುದು ತೀರ್ಮಾನವಾದಂತೆ. ಆ ಎರಡನೆಯ ಕೋಷ್ಟಕದಲ್ಲಿ ಕಂಟ್ರೋಲ್-ಎಸ್ ಎದುರಿಗೆ ‘ಸೇವ್-ಬಫರ್’ (ಬಫರ್ ಎಂದರೆ ಎಡಿಟರ್‌ನಲ್ಲಿ ತೆರೆದಿರುವ ಬರಹ) ಎಂಬ ಕಮಾಂಡ್‌ನ ಹೆಸರಿದೆ, ಮತ್ತು ಅದನ್ನು ಅಲ್ಲಿ ಬರೆದಿಡುವ ಸಾಲು ಕೀಲಿಮಣೆಗೆ ಸಂಬಂಧಿಸಿದ ಫೈಲ್‌ನಲ್ಲಿ ಇಲ್ಲ, ಫೈಲ್‌ಗಳನ್ನು ತೆರೆದು ಉಳಿಸುವ, ಲಿಸ್ಪ್ ಭಾಷೆಯ ಫೈಲ್‌ನಲ್ಲಿದೆ. ಅಂಥ ಕಡೆ ನಿಮ್ಮ ಹುಡುಕಾಟ ಸೋತರೆ ಆಶ್ಚರ್ಯವಿಲ್ಲ. ಕೀಲಿಗಳನ್ನು ಓದುವ ಮುಖ್ಯ ಲೂಪ್ ಸಿ ಭಾಷೆಯಲ್ಲಿ ಬೇರೆಯೇ ಇದ್ದು, ಮೈನರ್ ಮೋಡ್‌ಗಳ (ಬೇಕೆಂದಾಗ ಸೇರಿಸಿಕೊಳ್ಳುವ ಸೌಲಭ್ಯಗಳ) ಕೋಷ್ಟಕ, ಮೇಜರ್ ಮೋಡ್‌ನ (ಬರಹದ ಬಗೆಗೆ ತಕ್ಕ ಮುಖ್ಯ ವ್ಯವಸ್ಥೆಯ) ಕೋಷ್ಟಕ, ಕೊನೆಗೆ ಎಲ್ಲರಿಗೂ ಸಲ್ಲುವ ಕೋಷ್ಟಕ ಎಂಬ ಕ್ರಮದಲ್ಲಿ ನೋಡುತ್ತಾ ಹೋಗಿ ಮೊದಲು ಸಿಕ್ಕಿದ್ದನ್ನು ನಡೆಸುತ್ತದೆ. ನನಗೆ ಬಹಳ ಹಿಡಿಸಿದ್ದು ಇದು: ಬರಿಯ ‘ಎ’ ಒತ್ತಿದರೂ ಇದೇ ಹುಡುಕಾಟ ನಡೆದು, ‘ಒತ್ತಿದ ಅಕ್ಷರವನ್ನೇ ಸೇರಿಸು’ ಎಂಬ ಕಮಾಂಡ್ ಓಡುತ್ತದೆ. ಟೈಪ್ ಮಾಡುವುದಕ್ಕೆಂದು ಅಲ್ಲಿ ಪ್ರತ್ಯೇಕ ದಾರಿಯೇ ಇಲ್ಲ. ಕಂಟ್ರೋಲ್-ಎಚ್, ಆಮೇಲೆ ಕೆ ಒತ್ತಿ ಯಾವುದೇ ಶಾರ್ಟ್‌ಕಟ್ ಕೊಟ್ಟರೆ ಅದರ ಕಮಾಂಡ್‌ನ ಹೆಸರೂ ಅದು ಇರುವ ಫೈಲೂ ತೆರೆಯ ಮೇಲೆ ಬರುತ್ತವೆ.

ಇನ್ನು ಕನ್ನಡದ ಪ್ರಶ್ನೆ. ಇನ್‌ಸ್ಕ್ರಿಪ್ಟ್ ಎಂಬ ಕನ್ನಡ ಕೀಲಿಮಣೆಯ ವಿನ್ಯಾಸದಲ್ಲಿ ಎಸ್ ಕೀಲಿಯ ಮೇಲೆ ಒಂದು ಸ್ವರಚಿಹ್ನೆ ಇದೆ. ಕೀಲಿಮಣೆಯ ವಿನ್ಯಾಸವನ್ನು ಆಪರೇಟಿಂಗ್ ಸಿಸ್ಟಮ್‌ನಲ್ಲೇ ಬದಲಾಯಿಸಿದರೆ, ಎಡಿಟರ್‌ಗೆ ತಲುಪುವ ಸುದ್ದಿ ‘ಕಂಟ್ರೋಲ್ ಮತ್ತು ಆ ಸ್ವರಚಿಹ್ನೆ’ ಎಂದಾಗಿರಬಹುದು. ಕೋಷ್ಟಕದಲ್ಲಿ ಅಂಥ ನಮೂದು ಇಲ್ಲದ ಕಾರಣ ಶಾರ್ಟ್‌ಕಟ್ ಸುಮ್ಮನಾಗುತ್ತದೆ. ಇದಕ್ಕೆ ಎರಡು ಬಗೆಯ ಪರಿಹಾರಗಳಿವೆ. ವಿಎಸ್ ಕೋಡ್ ಎಂಬ ಎಡಿಟರ್ ಸಾಮಾನ್ಯವಾಗಿ ಅಕ್ಷರದ ಬದಲು ಕೀಲಿಮಣೆಯ ಮೇಲೆ ಒತ್ತಿದ ಜಾಗವನ್ನೇ ಆಧಾರವಾಗಿಟ್ಟುಕೊಳ್ಳುತ್ತದೆ. ಈಮ್ಯಾಕ್ಸ್ ಹಾದಿ ಬೇರೆ: ಸಿಸ್ಟಮ್‌ನ ವಿನ್ಯಾಸ ಇಂಗ್ಲಿಷ್‌ನಲ್ಲೇ ಇರಲಿ, ಕನ್ನಡವನ್ನು ಎಡಿಟರ್‌ನೊಳಗೇ ಮೂಡಿಸೋಣ ಎಂಬುದು ಅದರ ನಿಲುವು. ಕಂಟ್ರೋಲ್ ಮತ್ತು ಬ್ಯಾಕ್‌ಸ್ಲ್ಯಾಶ್ ಒತ್ತಿ ‘ಕನ್ನಡ-ಐಟ್ರಾನ್ಸ್’ (ಇಂಗ್ಲಿಷ್ ಅಕ್ಷರಗಳಿಂದ ಕನ್ನಡ ಮೂಡಿಸುವ ಪದ್ಧತಿ) ಅಥವಾ ‘ಕನ್ನಡ-ಇನ್‌ಸ್ಕ್ರಿಪ್ಟ್’ ಆರಿಸಿಕೊಂಡರೆ ಸಾದಾ ಅಕ್ಷರಗಳು ಮಾತ್ರ ಆ ಪದ್ಧತಿಯ ಕೈಗೆ ಹೋಗುತ್ತವೆ, ಕಂಟ್ರೋಲ್ ಸೇರಿದವು ನೇರವಾಗಿ ಕೋಷ್ಟಕಕ್ಕೆ ಹೋಗುತ್ತವೆ. ಅಷ್ಟೇ ಅಲ್ಲ, ಒಂದು ಕೀಲಿಸರಣಿಯ ಎರಡನೆಯ ಕೀಲಿಯಿಂದ ಮುಂದಕ್ಕೆ ಆ ಪದ್ಧತಿಯನ್ನು ಕರೆಯುವುದೇ ಇಲ್ಲ. ಹಾಗಾಗಿ ಕಂಟ್ರೋಲ್-ಎಕ್ಸ್ ನಂತರ ಬರಿಯ ಕೆ ಒತ್ತಿದರೂ ‘ಕ್’ ಮೂಡದೆ ಬಫರ್ ಮುಚ್ಚುವ ಕಮಾಂಡ್ ಓಡುತ್ತದೆ. ಭಾಗವತರ ಪದ್ಯದ ನಡುವೆ ಭಾಷೆ ಬದಲಾಯಿಸದೆಯೇ ಫೈಲ್ ಉಳಿಸುವುದು ನನಗೆ ಸಾಧ್ಯವಾಗಿರುವುದು ಇದರಿಂದ. ಕಿಲೋ ಮಾತ್ರ ಇಲ್ಲಿ ಒದಗುವುದಿಲ್ಲ: ಅಕ್ಷರಗಳನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್-8 ಪದ್ಧತಿಯಲ್ಲಿ ‘ಕ’ ಮೂರು ಬೈಟ್‌ಗಳು, ಕಿಲೋ ಓದುವುದು ಒಂದೊಂದೇ ಬೈಟ್.

ನೀವು ನೋಡುತ್ತಿರುವುದು ವಿಎಸ್ ಕೋಡ್ ಆಗಿದ್ದರೆ, ಅದರ ನಿಯಮಗಳ ಪಟ್ಟಿ ಕೆಳಗಿನಿಂದ ಮೇಲಕ್ಕೆ ಓದಲ್ಪಡುತ್ತದೆ ಎಂಬುದನ್ನು ನೆನಪಿಡಿ. ಬಳಸುವವರ ನಿಯಮಗಳು ಕೊನೆಗೆ ಸೇರುವುದರಿಂದ ಅವೇ ಗೆಲ್ಲುತ್ತವೆ, ಆದರೆ ಪ್ರತಿ ನಿಯಮಕ್ಕೂ ‘ವೆನ್’ ಎಂಬ ಷರತ್ತು ಇರಬಹುದು, ಅದು ಸರಿಹೊಂದದಿದ್ದರೆ ಮೇಲಿನ ನಿಯಮಕ್ಕೆ ಅವಕಾಶ. ಕಮಾಂಡ್‌ಗಳನ್ನು ಹೆಸರಿನಿಂದ ಆರಿಸುವ ಕಮಾಂಡ್ ಪ್ಯಾಲೆಟ್‌ನಲ್ಲಿ ‘ಟಾಗಲ್ ಕೀಬೋರ್ಡ್ ಶಾರ್ಟ್‌ಕಟ್ಸ್ ಟ್ರಬಲ್‌ಶೂಟಿಂಗ್’ ಆರಿಸಿ, ಕನ್ನಡ ವಿನ್ಯಾಸದಲ್ಲಿ ಕಂಟ್ರೋಲ್-ಎಸ್ ಒತ್ತಿ ನೋಡಿ: ಬಂದ ಕೀಲಿ ಯಾವುದು, ಅದು ಯಾವ ನಿಯಮಕ್ಕೆ ಹೊಂದಿತು ಅಥವಾ ಹೊಂದಲಿಲ್ಲ ಎಂಬುದು ಲಾಗ್‌ನಲ್ಲಿ ಸಾಲುಸಾಲಾಗಿ ಕಾಣುತ್ತದೆ. ಅಲ್ಲಿ ಕಂಡ ಕಮಾಂಡ್‌ನ ಹೆಸರನ್ನು ಹಿಡಿದು ಸೋರ್ಸ್‌ನಲ್ಲಿ ಹುಡುಕಿ.