ಅಪ್ಪನ ಜೊತೆ ಕೂತು ‘ಮೇಡ್ ಇನ್ ಇಟಲಿ’ ನೋಡಬಹುದಾ?

ಅಮ್ಮ ತೀರಿಹೋದ ಮೇಲೆ ನಿಮಗೂ ಅಪ್ಪನಿಗೂ ಮಾತು ಕಡಿಮೆಯಾಗಿದೆ, ಈ ಸಿನಿಮಾ ಒಟ್ಟಿಗೆ ನೋಡಿದರೆ ಸರಿಹೋಗುತ್ತಾ, ಇಲ್ಲ ಇನ್ನೂ ಮುಜುಗರ ಆಗುತ್ತಾ ಅಂತ ಕೇಳಿದ್ದೀರಿ. ನೋಡಿ, ಪರವಾಗಿಲ್ಲ. ಆದರೆ ಮೊದಲು ನೀವೊಬ್ಬರೇ ಒಂದು ಸಲ ನೋಡಿಬಿಡಿ. ಹೆಚ್ಚುಕಮ್ಮಿ ಒಂದೂವರೆ ಗಂಟೆ ಅಷ್ಟೇ.

2020ರ ಸಿನಿಮಾ ಇದು. ನಟ ಜೇಮ್ಸ್ ಡಾರ್ಸಿ ಮೊದಲ ಸಲ ನಿರ್ದೇಶನಕ್ಕೆ ಇಳಿದದ್ದು ಇದರಲ್ಲೇ. ಲಂಡನ್ನಿನ ಚಿತ್ರಕಲಾವಿದ ರಾಬರ್ಟ್, ಅವನ ಮಗ ಜ್ಯಾಕ್. ಜ್ಯಾಕ್‌ನ ಮದುವೆ ಮುರಿದಿದೆ. ಅವನು ನೋಡಿಕೊಳ್ಳುವ ಆರ್ಟ್ ಗ್ಯಾಲರಿ ಹೆಂಡತಿಯ ಮನೆಯವರದು. ಅದನ್ನು ಕೊಳ್ಳಲು ದುಡ್ಡು ಬೇಕು. ಇಟಲಿಯ ಟಸ್ಕನಿಯಲ್ಲಿ ಅಮ್ಮನ ಕಡೆಯಿಂದ ಬಂದ ಹಳೇ ಮನೆಯೊಂದಿದೆ, ಅದನ್ನು ಮಾರೋಣ ಅಂತ ಇಬ್ಬರೂ ಹೊರಡುತ್ತಾರೆ. ಹೋಗಿ ನೋಡಿದರೆ ಮನೆ ಪಾಳುಬಿದ್ದಿದೆ. ಆ ಅಮ್ಮ ಕಾರು ಅಪಘಾತದಲ್ಲಿ ಹೋದಾಗ ಜ್ಯಾಕ್ ಇನ್ನೂ ಚಿಕ್ಕವನು.

ನನಗೆ ಹಿಡಿಸಿದ್ದು ಒಂದೇ ಸಂಗತಿ. ಇಬ್ಬರೂ ಕಳೆದುಕೊಂಡಿರುವುದು ಒಬ್ಬಳನ್ನೇ, ಆದರೆ ಇಬ್ಬರ ಸಂಕಟ ಬೇರೆ ಬೇರೆ. ಅಪ್ಪನಿಗೆ ಎಲ್ಲ ನೆನಪಿದೆ, ಅದಕ್ಕೇ ಬಾಯಿ ಬಿಡುವುದಿಲ್ಲ. ಮಗನಿಗೆ ಅಮ್ಮನ ನೆನಪೇ ಸರಿಯಾಗಿಲ್ಲ. ಹೇಳಬೇಕಾದವನು ಅಪ್ಪ ಒಬ್ಬನೇ, ಅವನು ಹೇಳುವುದಿಲ್ಲ. ಜಗಳ ಮನೆ ಮಾರುವುದರ ಬಗ್ಗೆ ಅನ್ನಿಸುತ್ತದೆ, ಆದರೆ ಜ್ಯಾಕ್‌ಗೆ ಅಪ್ಪನ ಮೇಲಿರುವ ಸಿಟ್ಟು ಇದೇ.

ಆ ಮನೆಯ ಒಂದು ಗೋಡೆಯನ್ನು ಗಮನಿಸಿ. ಹಿಂದೊಮ್ಮೆ ರಾಬರ್ಟ್ ಅದರ ಮೇಲೆ ಕೆಂಪು ಬಣ್ಣವನ್ನು ರಾಚಿದ ಹಾಗೆ ಬಳಿದು ದೊಡ್ಡ ಚಿತ್ರ ಮಾಡಿದ್ದಾನೆ. ನೋಡಿದವರೆಲ್ಲ ಬೆಚ್ಚಿಬೀಳುತ್ತಾರೆ. ಇಂಥ ಗೋಡೆ ಇಟ್ಟುಕೊಂಡು ಮನೆ ಯಾರಿಗೆ ಮಾರೋದು, ಬಿಳಿ ಬಣ್ಣ ಹೊಡೆದುಬಿಡೋಣ ಅನ್ನೋದು ಮಗನ ಲೆಕ್ಕ. ಅಪ್ಪ ಒಪ್ಪುವುದಿಲ್ಲ. ಬಾಯಲ್ಲಿ ಬಾರದ ದುಃಖವನ್ನೆಲ್ಲ ಅವನು ಆ ಗೋಡೆಗೆ ಬಳಿದಿದ್ದಾನೆ ಅಂತ ನಮಗೆ ಹೊಳೆಯುವುದು ಆಮೇಲೆ.

ಇನ್ನು ರಾಬರ್ಟ್ ಆಗಿರುವ ಲಿಯಾಮ್ ನೀಸನ್, ಜ್ಯಾಕ್ ಆಗಿರುವ ಮೀಹಾಲ್ ರಿಚರ್ಡ್‌ಸನ್ ನಿಜವಾಗಿಯೂ ಅಪ್ಪ-ಮಗ. ನೀಸನ್ ಹೆಂಡತಿ, ನಟಿ ನತಾಶಾ ರಿಚರ್ಡ್‌ಸನ್, 2009ರ ಮಾರ್ಚ್‌ನಲ್ಲಿ ಕೆನಡಾದ ಕ್ವಿಬೆಕ್‌ನಲ್ಲಿ ಸ್ಕೀಯಿಂಗ್ ಮಾಡುವಾಗ ಬಿದ್ದರು. ತಲೆಗೆ ಪೆಟ್ಟು. ಮೊದಲಿಗೆ ಆರಾಮಾಗಿಯೇ ಇದ್ದರು, ಎರಡೇ ದಿನದಲ್ಲಿ ಹೋಗಿಬಿಟ್ಟರು. ಅವರಿಗೆ 45 ವರ್ಷ, ಮೀಹಾಲ್‌ಗೆ 13. ಮುಂದೆ ಅವನು ನೀಸನ್ ಅನ್ನೋ ಹೆಸರು ಬಿಟ್ಟು ಅಮ್ಮನ ಹೆಸರು ಸೇರಿಸಿಕೊಂಡ. ಇದು ಗೊತ್ತಿದ್ದು ನೋಡಿದರೆ, ಕೊನೆಕೊನೆಗೆ ಇಬ್ಬರೂ ಅಮ್ಮನ ಬಗ್ಗೆ ಬಾಯಿಬಿಡುವ ದೃಶ್ಯ ತಡೆದುಕೊಳ್ಳೋದು ಕಷ್ಟ. ಮೀಹಾಲ್ ದೊಡ್ಡ ನಟ ಏನಲ್ಲ, ಉಳಿದ ಕಡೆ ಸ್ವಲ್ಪ ಪೇಲವ ಅನ್ನಿಸುತ್ತಾನೆ. ಅಲ್ಲಿ ಮಾತ್ರ ಹಾಗನ್ನಿಸಲಿಲ್ಲ.

ಮಿಕ್ಕಿದ್ದೆಲ್ಲ ಸುಮಾರು. ಹೋಟೆಲ್ ನಡೆಸುವ ನಟಾಲಿಯಾ ಜೊತೆ ಜ್ಯಾಕ್‌ನ ಪ್ರೇಮ ಎಲ್ಲಿಗೆ ಮುಟ್ಟುತ್ತೆ ಅಂತ ಮೊದಲ ಭೇಟಿಯಲ್ಲೇ ಗೊತ್ತಾಗಿಬಿಡುತ್ತದೆ. ಬಚ್ಚಲುಮನೆಯಲ್ಲಿ ಮುಂಗುಸಿ ಥರದ ಪ್ರಾಣಿ ಸೇರಿಕೊಂಡ ತಮಾಷೆ ಹಳೇ ಸರಕು. ಮನೆ ಮಾರಿಸಲು ಬರುವ ಕೇಟ್ ಪಾತ್ರದಲ್ಲಿ ಲಿಂಡ್ಸೆ ಡಂಕನ್ ಮಾತ್ರ ಸೊಗಸು, ಒಂದು ನಗೆಯನ್ನೂ ಸುಮ್ನೆ ಖರ್ಚು ಮಾಡಲ್ಲ.

ನಿಮ್ಮ ತಂದೆಯವರಿಗೆ ನತಾಶಾ ವಿಷಯ ಮೊದಲೇ ಹೇಳಬೇಕಾ? ನಾನಾದರೆ ಹೇಳಲ್ಲ. ಸಿನಿಮಾ ಮುಗಿದ ಮೇಲೆ ‘ಇವರಿಬ್ಬರೂ ನಿಜವಾಗಿ ಅಪ್ಪ-ಮಗ, ಗೊತ್ತಾ?’ ಅಂತ ಶುರು ಮಾಡಿ. ಅಮ್ಮನ ಮಾತು ನೇರವಾಗಿ ಎತ್ತೋದಕ್ಕಿಂತ ಇದು ಸುಲಭ ಅಲ್ವಾ? ಅವರು ಎದ್ದು ಹೋದರೂ ಬೇಜಾರು ಮಾಡ್ಕೋಬೇಡಿ, ಆ ರಾತ್ರಿ ಮತ್ತೆ ಕೆದಕಬೇಡಿ. ಹಾಂ, ಬೈಗುಳ ಜಾಸ್ತಿ ಇದೆ, ಅಮೆರಿಕದಲ್ಲಿ ಅದಕ್ಕೇ ಆರ್ ರೇಟಿಂಗ್ (17ಕ್ಕಿಂತ ಚಿಕ್ಕವರು ದೊಡ್ಡವರ ಜೊತೆಯಲ್ಲೇ ನೋಡಬೇಕು ಅಂತ) ಕೊಟ್ಟಿದ್ದರು. ಅಪ್ಪನ ಪಕ್ಕ ಕೂತು ಅದನ್ನು ಕೇಳೋದು ನಿಮಗೆ ಕಷ್ಟ ಅನ್ನಿಸಿದರೆ ಹೆಡ್‌ಫೋನ್ ಹಾಕಿಕೊಂಡು ಬೇರೆ ಬೇರೆಯಾಗಿಯೇ ನೋಡಿ, ಊಟದ ಹೊತ್ತಿಗೆ ಮಾತಾಡಿದರಾಯ್ತು.