ಓದುಗರ ಪ್ರಶ್ನೆ: ಗಾಳಿಕುದುರೆ, ನೀರಿನ ಒಡೆಯರು ಮತ್ತು ಅಳಲೆಕಾಯಿ

ಮಂಗೋಲಿಯಾದ ಜನರು ಮನಸ್ಸಿನ ನೆಮ್ಮದಿಯನ್ನೂ ದೇಹದ ಆರೋಗ್ಯವನ್ನೂ ಹೇಗೆ ಕಾಣುತ್ತಾರೆ ಎಂದು ಕೇಳಿ ಬಂದ ಪತ್ರಗಳಲ್ಲಿ ಮೂರಕ್ಕೆ ಈ ಬಾರಿ ಉತ್ತರಿಸುತ್ತಿದ್ದೇನೆ.

ಪ್ರಶ್ನೆ: ಲಡಾಖಿಗೆ ಹೋಗಿ ಬಂದ ನನ್ನ ಮಗ ಬೈಕಿನ ಹ್ಯಾಂಡಲಿಗೆ ಐದು ಬಣ್ಣದ ಬಾವುಟಗಳ ಸರ ಕಟ್ಟಿದ್ದಾನೆ. ಪ್ರತಿ ಬಾವುಟದ ನಡುವೆ ಕುದುರೆಯ ಚಿತ್ರವಿದೆ. ಮಂಗೋಲಿಯಾದಲ್ಲಿಯೂ ಈ ಕುದುರೆಯನ್ನು ನಂಬುತ್ತಾರಂತೆ. ಇದಕ್ಕೂ ಮನಶ್ಶಾಂತಿಗೂ ಏನು ಸಂಬಂಧ? (ಓದುಗರು, ಕದ್ರಿ, ಮಂಗಳೂರು)

ಉತ್ತರ: ಬೆನ್ನ ಮೇಲೆ ರತ್ನವನ್ನು ಹೊತ್ತ ಆ ಕುದುರೆಯನ್ನು ಮಂಗೋಲರು ‘ಖೀಮೋರ್’ ಎನ್ನುತ್ತಾರೆ. ಖೀ ಎಂದರೆ ಗಾಳಿ, ಮೋರ್ ಎಂದರೆ ಕುದುರೆ. ಅವರ ಪಾಲಿಗೆ ಅದು ಬಟ್ಟೆಯ ಮೇಲಿನ ಚಿತ್ರವಷ್ಟೇ ಅಲ್ಲ, ಪ್ರತಿಯೊಬ್ಬರ ಒಳಗೂ ಇರುವ ಒಂದು ಚೈತನ್ಯ. ಅದು ಎದ್ದು ನಿಂತಿದ್ದರೆ ಹಿಡಿದ ಕೆಲಸ ಕೈಗೂಡುತ್ತದೆ, ಮುಖದಲ್ಲಿ ಕಳೆ ಇರುತ್ತದೆ. ಅದು ಕುಸಿದರೆ ಮೈಯಲ್ಲಿ ಯಾವ ರೋಗವೂ ಇಲ್ಲದಿದ್ದರೂ ಮನುಷ್ಯ ಬಾಡುತ್ತಾನೆ. ಮನಶ್ಶಾಂತಿ ಎಂದೊಡನೆ ನಮ್ಮ ಕಣ್ಣ ಮುಂದೆ ಬರುವುದು ದೇವಸ್ಥಾನದ ಕೆರೆಯ ಅಲುಗದ ನೀರು. ಹುಲ್ಲುಗಾವಲಿನ ಆ ಜನರಿಗಾದರೋ ನೆಮ್ಮದಿಯೆಂದರೆ ತಲೆಯೆತ್ತಿ ಓಡುವ ಕುದುರೆ. ಈ ವ್ಯತ್ಯಾಸ ನನಗೆ ಬಹಳ ಮುಖ್ಯವೆನಿಸುತ್ತದೆ.

ಕುಸಿದ ಖೀಮೋರನ್ನು ಎಬ್ಬಿಸಲು ಅವರು ಎತ್ತರದ ಜಾಗಕ್ಕೆ ಹೋಗುತ್ತಾರೆ. ಬೆಟ್ಟದ ನೆತ್ತಿಯಲ್ಲಿ ‘ಓವೋ’ ಎಂಬ ಕಲ್ಲುಗುಪ್ಪೆಯಿರುತ್ತದೆ. ಅದಕ್ಕೊಂದು ಕಲ್ಲು ಸೇರಿಸಿ, ಮೂರು ಬಾರಿ ಪ್ರದಕ್ಷಿಣೆ ಬಂದು, ‘ಖದಗ್’ ಎಂಬ ನೀಲಿ ರೇಷ್ಮೆಯ ವಸ್ತ್ರವನ್ನು ಕಟ್ಟುತ್ತಾರೆ. ನೀಲಿ ಅವರು ‘ಮುಂಖ್ ತೆಂಗೆರ್’, ಅಂದರೆ ಶಾಶ್ವತ ಆಕಾಶ, ಎಂದು ಪೂಜಿಸುವ ದೈವದ ಬಣ್ಣ. ಗಂಡಸಿನ ಟೊಪ್ಪಿ ಮತ್ತು ಸೊಂಟಪಟ್ಟಿಯಲ್ಲಿ ಅವನ ಚೈತನ್ಯ ನೆಲೆಸಿದೆ ಎಂಬ ನಂಬಿಕೆಯಿರುವುದರಿಂದ ಅವನ್ನು ನೆಲದ ಮೇಲೆ ಎಸೆಯುವುದಿಲ್ಲ, ದಾಟುವುದಿಲ್ಲ. 13ನೇ ಶತಮಾನದ ‘ಮಂಗೋಲರ ರಹಸ್ಯ ಇತಿಹಾಸ’ದಲ್ಲಿ, ಶತ್ರುಗಳಿಂದ ಪಾರಾದ ತರುಣ ತೆಮುಜಿನ್, ಮುಂದೆ ಚೆಂಗಿಸ್ ಖಾನ್ ಎನಿಸಿಕೊಂಡವನು, ತನಗೆ ಆಸರೆ ಕೊಟ್ಟ ಬುರ್ಖಾನ್ ಖಾಲ್ದುನ್ ಬೆಟ್ಟಕ್ಕೆ ಕೃತಜ್ಞತೆ ಸಲ್ಲಿಸುವ ಸಂದರ್ಭವಿದೆ: ಸೊಂಟಪಟ್ಟಿಯನ್ನು ಕೊರಳಿಗೆ ಹಾಕಿಕೊಂಡು, ಟೊಪ್ಪಿಯನ್ನು ಕೈಗೆ ತೂಗಿಸಿಕೊಂಡು, ಎದೆ ಬಡಿದುಕೊಂಡು ಅವನು ಸೂರ್ಯನ ಕಡೆಗೆ ಒಂಬತ್ತು ಬಾರಿ ಮಣಿಯುತ್ತಾನೆ. ತನ್ನ ಬಲವನ್ನೆಲ್ಲ ಬಿಚ್ಚಿ ಬೆಟ್ಟದ ಮುಂದಿಟ್ಟಂತೆ ಅದು. ಆ ಬೆಟ್ಟ 2015ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು.

ನಿಮ್ಮ ಮಗನಿಗೆ ಒಂದು ಮಾತು ಹೇಳಿ. ಗಾಳಿಕುದುರೆಯ ಜಾಗ ಎತ್ತರದಲ್ಲಿ, ಶುಚಿಯಾದ ಕಡೆಯಲ್ಲಿ. ರಸ್ತೆಯ ಕೆಸರು ಸಿಡಿಯುವ ಹ್ಯಾಂಡಲಿಗಿಂತ, ಕಡಲಗಾಳಿ ಬೀಸುವ ನಿಮ್ಮ ಮನೆಯ ತಾರಸಿಯೇ ಅದಕ್ಕೆ ತಕ್ಕದ್ದು.

ಪ್ರಶ್ನೆ: ನಮ್ಮ ಕುಟುಂಬಕ್ಕೆ ನಾಗಬನವಿದೆ. ಚರ್ಮರೋಗ ಬಂದರೆ ನಾಗನ ಮುನಿಸು ಎಂದು ಹಿರಿಯರು ಹೇಳುತ್ತಾರೆ. ಮಂಗೋಲಿಯಾದಲ್ಲಿಯೂ ಇಂಥ ನಂಬಿಕೆ ಇದೆಯೆಂದು ಕೇಳಿದ್ದು ನಿಜವೇ? (ಓದುಗರು, ಕಾಪು)

ಉತ್ತರ: ನಿಜ, ಮತ್ತು ಇದು ಬರೀ ಹೋಲಿಕೆಯಲ್ಲ, ನಂಟು. ಭಾರತದ ಬೌದ್ಧರ ನಾಗಗಳು ಟಿಬೆಟಿಗೆ ಹೋದಾಗ ಅಲ್ಲಿಯ ‘ಲು’ ಎಂಬ ಜಲದೈವಗಳೊಂದಿಗೆ ಒಂದಾದವು. ಆ ‘ಲು’ ಮಂಗೋಲಿಯಾದಲ್ಲಿ ‘ಲೂಸ್’ ಆಯಿತು. ನೀರಿನ ಒಡೆಯರು ಲೂಸ್, ನೆಲದ ಒಡೆಯರು ‘ಸವ್ದಗ್’. ಊಟೆಯ ನೀರಿಗೆ ಹೊಲಸು ಬೆರೆಸಿದರೆ, ನದಿಯಲ್ಲಿ ರಕ್ತ ತೊಳೆದರೆ, ಸುಮ್ಮನೆ ನೆಲ ಅಗೆದರೆ ಇವರು ಮುನಿಯುತ್ತಾರೆ, ಚರ್ಮದ ಮೇಲೆ ಹುಣ್ಣು ಏಳುತ್ತದೆ ಎಂಬುದು ಅವರ ನಂಬಿಕೆ. ಬನದೊಳಗಿನ ಬಳ್ಳಿಗೂ ಕತ್ತಿ ತಾಗಿಸಬೇಡ ಎಂದು ಬಾಲ್ಯದಲ್ಲಿ ಗದರಿಸಿಕೊಂಡ ನನಗೆ ಇದನ್ನು ಮೊದಲು ಓದಿದಾಗ ಪರಿಚಿತ ದನಿ ಕೇಳಿದಂತಾಗಿತ್ತು. 1253ರಿಂದ 1255ರವರೆಗೆ ಮಂಗೋಲರ ನಾಡಿಗೆ ಹೋಗಿಬಂದ ವಿಲಿಯಂ ಆಫ್ ರುಬ್ರುಕ್ ಎಂಬ ಪಾದ್ರಿ, ಅವರು ಬಟ್ಟೆ ಒಗೆಯುವುದಿಲ್ಲ, ಒಗೆದರೆ ದೇವರು ಸಿಟ್ಟಾಗುತ್ತಾನೆನ್ನುತ್ತಾರೆ ಎಂದು ಅಚ್ಚರಿಯಿಂದ ಬರೆದಿದ್ದಾನೆ.

ನಾವು ನಾಗನಿಗೆ ತನು ಎರೆಯುವಂತೆ ಅಲ್ಲಿಯೂ ಹಾಲೇ ಅರ್ಪಣೆ. ಬೆಳಿಗ್ಗೆ ಮನೆಯೊಡತಿ ಹಾಲು ಬೆರೆಸಿದ ಚಹಾ ಕಾಯಿಸಿ, ಯಾರೂ ಕುಡಿಯುವ ಮೊದಲು ‘ಗೆರ್’ ಎಂಬ ಗುಂಡು ಡೇರೆಯಿಂದ ಹೊರಗೆ ಬರುತ್ತಾಳೆ. ಅವಳ ಕೈಯಲ್ಲಿ ‘ತ್ಸತ್ಸಲ್’ ಎಂಬ ಮರದ ಸೌಟು. ಅದರ ತುದಿಯಲ್ಲಿ ಮೂರು ಸಾಲುಗಳಲ್ಲಿ ಮೂರು ಮೂರರಂತೆ ಒಂಬತ್ತು ಪುಟ್ಟ ಕುಳಿಗಳಿರುತ್ತವೆ. ಸೌಟನ್ನು ಅದ್ದಿ ಆಕಾಶದ ಕಡೆಗೆ ಚಿಮುಕಿಸುತ್ತಾಳೆ, ಆಮೇಲೆ ದಿಕ್ಕುಗಳಿಗೆ. ಮನೆಯವರ ಆರೋಗ್ಯದ ಆರೈಕೆ ಅವಳ ಪಾಲಿಗೆ ಅಲ್ಲಿಂದ ಆರಂಭವಾಗುತ್ತದೆ. ನಿಮ್ಮ ಚರ್ಮದ ತೊಂದರೆಗೆ ಮಾತ್ರ ಚರ್ಮವೈದ್ಯರನ್ನು ಕಾಣಲು ತಡಮಾಡಬೇಡಿ. ತನು ಎರೆಯುವುದಕ್ಕೆ ಅದು ಅಡ್ಡಿಯಲ್ಲ.

ಪ್ರಶ್ನೆ: ನಾನು ಆಯುರ್ವೇದದ ವಿದ್ಯಾರ್ಥಿನಿ. ಮಂಗೋಲಿಯಾದ ವೈದ್ಯದಲ್ಲಿಯೂ ತ್ರಿದೋಷಗಳಿವೆಯೇ? ಮನಸ್ಸು ಶಾಂತವಾದರೆ ರೋಗ ಹೋಗುತ್ತದೆ ಎನ್ನುತ್ತಾರೆಯೇ? (ಓದುಗರು, ಉಡುಪಿ)

ಉತ್ತರ: ಇವೆ. ವಾತಕ್ಕೆ ಖೀ, ಪಿತ್ತಕ್ಕೆ ಶರ್, ಕಫಕ್ಕೆ ಬದ್ಗನ್. ನೀವು ಓದುವ ವಾಗ್ಭಟನ ಅಷ್ಟಾಂಗಹೃದಯ 11ನೇ ಶತಮಾನದಲ್ಲಿ ಟಿಬೆಟಿನ ಭಾಷೆಗೆ ಅನುವಾದವಾಯಿತು. ಅದರ ಸಾರವನ್ನು ಹೀರಿಕೊಂಡ ಟಿಬೆಟಿನ ವೈದ್ಯಗ್ರಂಥ, ನಾಲ್ಕು ತಂತ್ರಗಳೆಂದು ಹೆಸರಾದದ್ದು, ಬೌದ್ಧಧರ್ಮದ ಜೊತೆಗೆ ಮಂಗೋಲಿಯಾ ಸೇರಿತು. ಅದರ ಪ್ರಕಾರ ರಾಗ, ಅಂದರೆ ಆಸೆಯಿಂದ ಖೀ, ದ್ವೇಷದಿಂದ ಶರ್, ಮೋಹ, ಅಂದರೆ ಅಜ್ಞಾನದಿಂದ ಬದ್ಗನ್ ಕೆರಳುತ್ತದೆ. ಹಾಗಾಗಿ ಮನಸ್ಸನ್ನು ಬಿಟ್ಟು ದೇಹಕ್ಕಷ್ಟೇ ಚಿಕಿತ್ಸೆ ಎಂಬ ಮಾತು ಅಲ್ಲಿಲ್ಲ.

ಮೊದಲ ಉತ್ತರದ ಗಾಳಿಕುದುರೆಯಲ್ಲಿದ್ದ ಖೀ ಮತ್ತು ಈ ಖೀ ಒಂದೇ ಪದ ಎಂಬುದನ್ನು ಗಮನಿಸಿ. ಖೀ ಕೆಟ್ಟಾಗ ನಿದ್ದೆ ಬರುವುದಿಲ್ಲ, ಎದೆ ಬಿಗಿಯುತ್ತದೆ, ಕಾರಣವಿಲ್ಲದೆ ನಿಟ್ಟುಸಿರು ಬರುತ್ತದೆ. ಅದಕ್ಕೆ ಹೇಳಿದ ಪಥ್ಯ ನನಗೆ ತುಂಬ ಇಷ್ಟ: ಬೆಚ್ಚಗಿನ, ಮಬ್ಬು ಬೆಳಕಿನ ಜಾಗ, ಜಿಡ್ಡಿರುವ ಪೌಷ್ಟಿಕ ಸಾರು, ಪ್ರೀತಿಯ ಗೆಳೆಯರ ಸಂಗ, ಹಿತವಾದ ಮಾತು. ಔಷಧಿಯಾಗಿ ಅಗರು ಸೇರಿದ ‘ಅಗರ್-35’ ಎಂಬ ಮಿಶ್ರಣವನ್ನೂ ಕೊಡುತ್ತಾರೆ. ಇದಕ್ಕಿಂತ ಹಳೆಯ ನಂಬಿಕೆ ‘ಸುನ್ಸ್’, ಅಂದರೆ ಆತ್ಮದ್ದು. ಬೆಚ್ಚಿಬಿದ್ದ ಮಗುವಿನ ಸುನ್ಸ್ ದೇಹ ಬಿಟ್ಟು ಅಲೆಯುತ್ತದೆ, ಮಗು ಸೊರಗುತ್ತದೆ. ಆಗ ಅದನ್ನು ಹೆಸರು ಹಿಡಿದು ಮರಳಿ ಕರೆಯಬೇಕು.

1930ರ ದಶಕದ ಕೊನೆಯಲ್ಲಿ ಕಮ್ಯುನಿಸ್ಟ್ ಸರಕಾರ ಮಠಗಳನ್ನು ನಾಶಮಾಡಿ ಸಾವಿರಾರು ಲಾಮಾಗಳನ್ನು ಕೊಂದಿತು. ಅವರಲ್ಲಿ ವೈದ್ಯರೂ ಇದ್ದರು. ಎಷ್ಟು ವಿದ್ಯೆ ಅವರೊಂದಿಗೇ ಮಣ್ಣಾಯಿತೆಂದು ನೆನೆದರೆ ಸಂಕಟವಾಗುತ್ತದೆ. 1990ರ ನಂತರ ಮಠಗಳು ಮತ್ತೆ ತೆರೆದವು. ಅದಕ್ಕೆ ನೆರವಾದವರಲ್ಲಿ ಲಡಾಖಿನವರೇ ಆದ, ಅಲ್ಲಿ ಭಾರತದ ರಾಯಭಾರಿಯಾಗಿದ್ದ ಕುಶೋಕ್ ಬಕುಲ ರಿಂಪೋಚೆ ಒಬ್ಬರು. ಇಂದು ಅಲ್ಲಿಯವರು ಆಸ್ಪತ್ರೆಗೂ ಹೋಗುತ್ತಾರೆ, ‘ಎಮ್ಚ್’ ಎಂಬ ಪಾರಂಪರಿಕ ವೈದ್ಯರಿಂದ ನಾಡಿಯನ್ನೂ ನೋಡಿಸುತ್ತಾರೆ. ಮನಸ್ಸು ಶಾಂತವಾಯಿತೆಂದು ಮಾತ್ರೆ ಬಿಡಬೇಕೆಂದು ಈ ಪರಂಪರೆ ಎಲ್ಲಿಯೂ ಹೇಳುವುದಿಲ್ಲ.

ತ್ರಿಫಲೆಯೂ ಅಲ್ಲಿದೆ, ಅರುರ, ಬರುರ, ಜುರುರ ಎಂಬ ಹೆಸರಿನಲ್ಲಿ. ಆ ಚಳಿಯ ನಾಡಿನಲ್ಲಿ ಈ ಮೂರು ಮರಗಳೂ ಬೆಳೆಯುವುದಿಲ್ಲ, ಕಾಯಿಗಳು ದಕ್ಷಿಣದಿಂದಲೇ ಹೋಗಬೇಕು. ಅವರ ವೈದ್ಯಬುದ್ಧನ ಚಿತ್ರ ಸಿಕ್ಕಿದರೆ ಬಲಗೈಯನ್ನು ನೋಡಿ. ಬೆರಳುಗಳ ನಡುವೆ ಅವನು ಹಿಡಿದಿರುವ ಟೊಂಗೆ ಅರುರದ್ದು: ರಥಬೀದಿಯ ಪಕ್ಕದ ಗ್ರಂಥಿಗೆ ಅಂಗಡಿಯಲ್ಲಿ ನೀವು ತೂಕಕ್ಕೆ ಕೊಳ್ಳುವ ಅದೇ ಅಳಲೆಕಾಯಿಯದ್ದು.