ಟೊಮೆಟೊ ಸಸಿ ಮೇಲೇಳ್ತಾ ಇಲ್ಲ ಅಂದವರಿಗೆ

ಬೀಜ ಹಾಕಿ ಒಂದೂವರೆ ತಿಂಗಳಾದ್ರೂ ಸಸಿ ನಾಲ್ಕು ಬೆರಳು ದಾಟಿಲ್ಲ, ಬರೀ ತೆಂಗಿನ ನಾರಿನ ಹುಡಿಯಲ್ಲಿ ಅಡಿಕೆ ತೋಟದ ಬದಿ ಇಟ್ಟಿದ್ದೇನೆ ಅಂದ್ರಲ್ಲ, ಅದು ಬೀಜದ ತಪ್ಪಲ್ಲ ಮಾರಾಯ್ರೆ. ನಾರಿನ ಹುಡಿಯಲ್ಲಿ ಸಾರ ಇಲ್ಲ, ಮೊಳಕೆ ಬರುವಷ್ಟಕ್ಕೆ ಸಾಕು, ಆಮೇಲೆ ಗಿಡ ತಿನ್ನುವುದೇನು? ಎಲೆ ಮಗುಚಿ ನೋಡಿ, ಅಡಿಭಾಗ ನೇರಳೆ ಬಣ್ಣಕ್ಕೆ ತಿರುಗಿದ್ರೆ ಹೆಚ್ಚಾಗಿ ರಂಜಕ (ಫಾಸ್ಫರಸ್ ಅನ್ನುವ ಪೋಷಕಾಂಶ) ಸಿಗ್ತಾ ಇಲ್ಲ ಅಂತ ಲೆಕ್ಕ. ಮಣ್ಣು, ಹಳೇ ಹಟ್ಟಿಗೊಬ್ಬರ, ಸ್ವಲ್ಪ ಎಲುಬಿನ ಹುಡಿ ಸೇರಿಸಿ ಗ್ರೋಬ್ಯಾಗಿಗೆ ಬದಲಿಸಿ, ಕಾಂಡ ಎಲೆಯ ಬುಡದವರೆಗೆ ಹೂಳಿದ್ರೂ ಅಡ್ಡಿಯಿಲ್ಲ, ಅಲ್ಲಿಂದಲೇ ಬೇರು ಬರ್ತದೆ. ನಮ್ಮ ಮುರಕಲ್ಲಿನ (ಕೆಂಪುಕಲ್ಲಿನ) ಮಣ್ಣಿಗೆ ಹುಳಿ ಜಾಸ್ತಿ, ಬ್ಯಾಗಿಗೆ ತುಂಬುವ ಮೊದಲೇ ಸ್ವಲ್ಪ ಸುಣ್ಣ ಬೆರೆಸಿಡಿ.

ಬಿಸಿಲು ದಿನಕ್ಕೆ 6 ಗಂಟೆ ಬೇಕೇ ಬೇಕು. ಅಡಿಕೆ ನೆರಳಲ್ಲಿ ಕರಿಮೆಣಸು ಆದೀತು, ಟೊಮೆಟೊ ಆಗ್ಲಿಕ್ಕಿಲ್ಲ. ನೀರು ಮೇಲ್ಮಣ್ಣು ಒಣಗಿದ್ರೆ ಮಾತ್ರ.

ಮುಂದಿನ ಸಲ ಕೇರಳ ಕೃಷಿ ವಿವಿಯ ಶಕ್ತಿ ಅಥವಾ ಅನಘ ತಳಿಯ ಬೀಜ ಕೇಳಿ ನೋಡಿ, ನಮ್ಮ ಕಡೆ ಗಿಡ ಕಾಯಿ ಬಿಟ್ಟ ಹೊತ್ತಿಗೇ ಹಸಿರಿದ್ದ ಹಾಗೇ ಬಾಡಿ ಸಾಯ್ತದಲ್ಲ, ಆ ರೋಗ ಇವಕ್ಕೆ ಕಮ್ಮಿ. ಮತ್ತೆ ಬಿತ್ತುವುದಾದ್ರೆ ದೊಡ್ಡ ಮಳೆ ಹೋದ ಮೇಲೇ, ಸೆಪ್ಟೆಂಬರ್ ಕೊನೆಗೆ.